ರಾಮದುರ್ಗದ ಎರಡು ಶನಿವಾರ

ನ್ಯಾಯಾಲಯದ ಕಚೇರಿಯ ಗುಮಾಸ್ತ ಮೇಜಿನ ಮೇಲೆ ಒಂದು ಹಾಳೆ ಸರಿಸಿ, ಇದರಲ್ಲಿ ಒಂದು ಊರಿಗೆ ಗುರುತು ಹಾಕಿ ಸಹಿ ಮಾಡಿ ಎಂದ. ಹಾಳೆಯಲ್ಲಿ ಮೂರು ಊರುಗಳಿದ್ದವು: ಬೈಲಹೊಂಗಲ, ಸವದತ್ತಿ, ರಾಮದುರ್ಗ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಈ ಮೂರರಲ್ಲಿ ಯಾವುದಾದರೂ ಒಂದು ಕಡೆ ಎರಡು ಶನಿವಾರ ತರಗತಿಯಲ್ಲಿ ಕೂತು, ಪ್ರಮಾಣಪತ್ರ ತಂದು ತೋರಿಸಬೇಕು. ಅಲ್ಲಿಯವರೆಗೆ ಲೈಸೆನ್ಸ್ ವಾಪಸು ಸಿಗುವುದಿಲ್ಲ. ನ್ಯಾಯಾಧೀಶರು ದಂಡ ಹಾಕಿ, ಇದನ್ನೂ ಸೇರಿಸಿ, ಮುಂದಿನ ಕಡತಕ್ಕೆ ಕೈ ಹಾಕಿದ್ದರು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಮತ್ತೆ ಶಾಲೆಗೆ ಹೋಗುವ ಶಿಕ್ಷೆಯಾಗಿತ್ತು.

ನಾನು ಬೈಲಹೊಂಗಲದಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಜವಳದ ಪತ್ರಿಕೆ, ಅಂಗಡಿಗಳ ರಸೀದಿ ಪುಸ್ತಕ, ಸತ್ತವರ ಫೋಟೋ ಹಾಕಿದ ಕಾರ್ಡು, ಎಲ್ಲವನ್ನೂ ಛಾಪಿಸುತ್ತೇನೆ. ಊರಿನ ಅರ್ಧ ಜನರ ಮದುವೆಯ ಮುಹೂರ್ತ ನನಗೆ ಅವರ ನೆಂಟರಿಗಿಂತ ಮೊದಲೇ ಗೊತ್ತಿರುತ್ತದೆ. ಹಾಗಾಗಿ ನನ್ನನ್ನು ಗುರುತಿಸದವರು ಊರಲ್ಲಿ ಇಲ್ಲವೆಂದೇ ಹೇಳಬೇಕು. ಬೈಲಹೊಂಗಲದ ತರಗತಿ ನಡೆಯುತ್ತಿದ್ದುದು ನನ್ನ ಪ್ರೆಸ್ಸಿನಿಂದ ಎರಡು ಓಣಿ ಆಚೆ. ಸವದತ್ತಿಗೆ ಹೋಗೋಣವೆಂದರೆ ಹೆಂಡತಿಯ ತವರುಮನೆ ಅಲ್ಲೇ ಸಮೀಪ ಮುನವಳ್ಳಿಯಲ್ಲಿ. ಮೇಲಾಗಿ ದೇವಿಯ ಗುಡ್ಡಕ್ಕೆ ಹೋಗಿಬರುವ ನಮ್ಮೂರ ಜನ ಆ ಬಸ್‌ಸ್ಟ್ಯಾಂಡಿನಲ್ಲಿ ವರ್ಷವಿಡೀ ಇರುತ್ತಾರೆ. ರಾಮದುರ್ಗದಲ್ಲಿ ನನಗೊಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ, ರಾಮದುರ್ಗಕ್ಕೆ ಗುರುತು ಹಾಕಿದೆ. ಗುಮಾಸ್ತ ಹಾಳೆಯನ್ನು ನೋಡುವ ಮೊದಲೇ "ರಾಮದುರ್ಗ, ಹೌದಲ್ರೀ?" ಎಂದು ಕೇಳಿ ನಕ್ಕ. ಅವನು ಯಾಕೆ ನಕ್ಕ ಎಂದು ಆಗ ನಾನು ಯೋಚಿಸಲಿಲ್ಲ.

ನಾನು ಮಾಡಿದ ಕಳ್ಳತನಕ್ಕೆಲ್ಲ ಮೊದಲಿನಿಂದಲೂ ದೂರವನ್ನೇ ನಂಬಿದವನು. ಬೈಲಹೊಂಗಲದಲ್ಲಿ ಕುಡಿಯುತ್ತಿರಲಿಲ್ಲ, ನೇಸರಗಿಗೆ ಪತ್ರಿಕೆ ಮುಟ್ಟಿಸಲು ಹೋದಾಗ ಕುಡಿಯುತ್ತಿದ್ದೆ. ನಮ್ಮದು ಕುಡಿಯುವ ಮನೆತನವಲ್ಲ. ಅಪ್ಪ ವಿಭೂತಿ ಹಚ್ಚದೆ ನೀರು ಕುಡಿದವರಲ್ಲ. ಅಂಥ ಮನೆಯಲ್ಲಿ ಹುಟ್ಟಿದವನು ಕುಡಿಯಲು ಕಲಿತರೆ ಕುಡಿಯುವುದಕ್ಕಿಂತ ಹೆಚ್ಚಾಗಿ ಮುಚ್ಚಿಡುವುದನ್ನು ಕಲಿಯುತ್ತಾನೆ. ಯಾಲಕ್ಕಿ, ಅಜವಾನ, ಎರಡು ಎಲೆ ತುಳಸಿ, ಎಲ್ಲವೂ ನನ್ನ ಅಂಗಿಯ ಜೇಬಿನಲ್ಲಿ ಇರುತ್ತಿದ್ದವು.

ಇವು ಯಾವುವೂ ನನ್ನ ಮಗಳ ಮುಂದೆ ನಡೆಯುತ್ತಿರಲಿಲ್ಲ. ಅವಳು ನಾಲ್ಕೈದು ವರ್ಷದವಳಿದ್ದಾಗ, ಸಂಜೆ ನಾನು ಗಾಡಿ ನಿಲ್ಲಿಸಿದ ಸಪ್ಪಳ ಕೇಳಿದರೆ ಹೆಂಡತಿ ಅಡುಗೆಮನೆಯಿಂದಲೇ ಅವಳನ್ನು ಕಳಿಸುತ್ತಿದ್ದಳು. ಅಪ್ಪನ ಬಾಯಿ ನೋಡಿ ಬಾ ಎಂದು. ಮಗು ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದು, ಮೂಗನ್ನು ನನ್ನ ತುಟಿಯ ಹತ್ತಿರ ತಂದು ಉಸಿರೆಳೆದುಕೊಳ್ಳುತ್ತಿತ್ತು. ಆಮೇಲೆ ಇಳಿದು ಒಳಗೆ ಮುಖ ಮಾಡಿ "ಅವ್ವಾ, ಇಲ್ಲ" ಅಂತಲೋ "ಅವ್ವಾ, ಹೌದು" ಅಂತಲೋ ಕೂಗುತ್ತಿತ್ತು. ಅದಕ್ಕೆ ಅದೊಂದು ಆಟ. ಹೌದು ಎಂದ ದಿನ ಮನೆಯಲ್ಲಿ ಯಾರೂ ಜಗಳ ಮಾಡುತ್ತಿರಲಿಲ್ಲ. ಹೆಂಡತಿ ನನ್ನ ತಾಟಿಗೆ ರೊಟ್ಟಿ ಹಾಕಿ ಎದ್ದು ಹೋಗುತ್ತಿದ್ದಳು, ಅಷ್ಟೇ. ಮಗಳು ದೊಡ್ಡವಳಾಗುತ್ತ ಆ ಆಟ ಬಿಟ್ಟಳು. ಆಟವಲ್ಲವೆಂದು ಅವಳಿಗೆ ತಿಳಿದಿರಬೇಕು.

ಡಿಗ್ರಿ ಮುಗಿಸಿದ ಮೇಲೆ ಅವಳು ಪ್ರೆಸ್ಸಿಗೆ ಬರತೊಡಗಿದಳು. ಪ್ರೂಫ್ ನೋಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಪತ್ರಿಕೆಯೊಂದರಲ್ಲಿ ಮದುಮಗನ ಅಜ್ಜನ ಊರು ತಪ್ಪಿದ್ದರೂ ಹಿಡಿಯುತ್ತಿದ್ದಳು. ನೋಡಿ ಮುಗಿಸಿದ ಮೇಲೆ ಹಾಳೆಯ ಕೆಳಗೆ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದು, "ಓದೀನಿ, ತಪ್ಪಿಲ್ಲ" ಎಂದು ನನ್ನ ಕೈಗೆ ಕೊಡುತ್ತಿದ್ದಳು. ಆ ಗೆರೆ ಇಲ್ಲದೆ ನಾನು ಛಾಪಿಸುವ ಪ್ಲೇಟ್ ಮಾಡಿಸುತ್ತಿರಲಿಲ್ಲ. ಒಂದು ದಿನ ಹಾಗೆಯೇ ಪ್ರೂಫ್ ಕೊಡುತ್ತ, ಕುಡಿಯುವುದನ್ನು ಬಿಡುತ್ತೀಯಾ ಎಂದು ಕೇಳಿದಳು. ಬಿಡುತ್ತೇನೆ ಎಂದೆ. ನಾಲ್ಕು ತಿಂಗಳು ನಿಜವಾಗಿಯೂ ಬಿಟ್ಟಿದ್ದೆ. ಆಮೇಲೆ ನೇಸರಗಿ ಇತ್ತು. ಆದರೆ ಅವಳು ನಂಬಿದ್ದಳು. ಜೀವನದಲ್ಲಿ ನನ್ನನ್ನು ಪೂರ್ತಿಯಾಗಿ ನಂಬಿದ್ದು ಅವಳೊಬ್ಬಳೇ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಸಂಬಂಧ ಬರಲು ಶುರುವಾದಾಗ ಅವಳು ಹಾಕಿದ್ದು ಒಂದೇ ಷರತ್ತು. ನನ್ನ ಮುಖ ನೋಡದೆ, ತಾಯಿಯ ಕಡೆ ತಿರುಗಿ ಹೇಳಿದಳು.

"ಕುಡ್ಯಾಂವ ಬ್ಯಾಡ. ಕುಡುದು ಬಿಟ್ಟಾಂವನೂ ಬ್ಯಾಡ. ಬಿಡಸೂ ಕೆಲಸ ಮಾಡಿ ಮಾಡಿ ನಿನ್ನ ಆಯುಷ್ಯ ಹೋಗೇತಿ ಅವ್ವಾ, ನನಗ ಅದು ಬ್ಯಾಡ."

ಹೊಲ, ನೌಕರಿ, ಬಣ್ಣ, ಎತ್ತರ ಯಾವುದನ್ನೂ ಕೇಳಲಿಲ್ಲ. ಕಿತ್ತೂರಿನಿಂದ ಒಂದು ಸಂಬಂಧ ಬಂತು. ಹುಡುಗನದು ಪಂಪ್‌ಸೆಟ್ ರಿಪೇರಿಯ ಅಂಗಡಿ, ಮಾತು ಕಡಿಮೆ, ನಗು ಚೆನ್ನಾಗಿತ್ತು. ಹುಡುಗನ ಅಪ್ಪ ನಮ್ಮ ಪಡಸಾಲೆಯಲ್ಲಿ ಕೂತು, ನಮ್ಮ ಹುಡುಗ ಒಂದು ಅಡಕಿ ಹೋಳನ್ನೂ ಬಾಯಿಗೆ ಹಾಕುವವನಲ್ಲ ಎಂದರು. ಅವರು ಸುಳ್ಳು ಹೇಳಿದರೆಂದು ನನಗೆ ಈಗಲೂ ಅನ್ನಿಸುವುದಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹಿರಿಯರು ಕೂತು ಸಕ್ಕರೆ ಹಂಚಿದರು. ನಮ್ಮ ಕಡೆ ಸಕ್ಕರೆ ಬಾಯಿಗೆ ಬಿದ್ದಿತೆಂದರೆ ಮಾತು ಗಟ್ಟಿಯಾಯಿತೆಂದೇ ಲೆಕ್ಕ. ಅದಾದ ಮೇಲೆ ಮುರಿದರೆ ಹುಡುಗಿಯ ಮೇಲೆ ಮಾತು ಬರುತ್ತದೆ.

ಆ ಖುಷಿಯಲ್ಲೇ ಹತ್ತು ದಿನಕ್ಕೆ ನೇಸರಗಿಗೆ ಹೋದವನು ವಾಪಸು ಬರುವಾಗ ಸಂಜೆ ಏಳರ ಸುಮಾರಿಗೆ ಪೊಲೀಸರ ಕೈಗೆ ಸಿಕ್ಕೆ. ಪೊಲೀಸನೊಬ್ಬ ಯಂತ್ರವನ್ನು ಬಾಯಿಗೆ ಹಿಡಿದು ಊದಿ ಎಂದ. ಊದಿದೆ. ಯಾಲಕ್ಕಿ ಅದರ ಮುಂದೆಯೂ ನಡೆಯಲಿಲ್ಲ. ಮನೆಯಲ್ಲಿ ಮೊಣಕಾಲು ನೋವು, ಡಾಕ್ಟರರು ಗಾಡಿ ಹೊಡೆಯಬೇಡ ಎಂದಿದ್ದಾರೆ ಎಂದು ಹೇಳಿದೆ. ಆವತ್ತಿನಿಂದ ಹೆಂಡತಿ ದಿನಾ ರಾತ್ರಿ ಊಟವಾದ ಮೇಲೆ ಸಾಸಿವೆ ಎಣ್ಣೆ ಬಿಸಿ ಮಾಡಿ, ಇಲ್ಲದ ನೋವಿಗೆ ಅರ್ಧ ತಾಸು ತಿಕ್ಕುತ್ತಿದ್ದಳು. ಎಣ್ಣೆ ಸುಡುತ್ತಿತ್ತು. ಸಾಕು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ರಾಮದುರ್ಗಕ್ಕೆ ಹೋಗಲು ಇನ್ನೊಂದು ಸುಳ್ಳು ಬೇಕಾಯಿತು: ಹಳೆಯ ಪ್ರೆಸ್ಸೊಂದು ಮಾರಾಟಕ್ಕಿದೆ, ಅದರ ರೋಲರ್ ನೋಡಿಬರುತ್ತೇನೆ.

ಮೊದಲ ಶನಿವಾರ ಸವದತ್ತಿಯಲ್ಲಿ ಬಸ್ ಬದಲಿಸಿದೆ, ಹೆಂಡತಿಯ ಅಣ್ಣಂದಿರು ಕಂಡಾರೆಂದು ಟವೆಲನ್ನು ತಲೆಗೆ ಸುತ್ತಿಕೊಂಡು. ತೊರಗಲ್ ದಾಟಿದ ಮೇಲೆ ಟವೆಲ್ ತೆಗೆದೆ. ಅಲ್ಲಿಂದ ಮುಂದೆ ನಾನು ಯಾರಿಗೂ ಏನೂ ಅಲ್ಲ ಎಂದುಕೊಂಡಾಗ ಹಗುರವೆನಿಸಿತು. ಎಷ್ಟು ದಡ್ಡ ನಾನು.

ತರಗತಿ ಒಂದು ಟೈರ್ ಅಂಗಡಿಯ ಮಾಳಿಗೆಯ ಮೇಲೆ. ಗೋಡೆಗೆ ರಸ್ತೆ ಚಿಹ್ನೆಗಳ ಬಣ್ಣಗೆಟ್ಟ ಪಟ, ಶಾಲೆಯಿಂದ ತಂದಂಥ ಉದ್ದ ಬೆಂಚುಗಳು. ಹದಿನೈದಿಪ್ಪತ್ತು ಗಂಡಸರು ತಲೆ ತಗ್ಗಿಸಿ ಕೂತಿದ್ದರು. ಪಾಠ ಹೇಳುವವರು ನಿವೃತ್ತ ಬಸ್ ಚಾಲಕರು, ಬಿಳಿ ಮೀಸೆ, ಇಸ್ತ್ರಿ ಹಾಕಿದ ಅಂಗಿ. ಬಂದವರೇ, ರಾಮದುರ್ಗದವರು ಯಾರಿದ್ದೀರಿ, ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ.

"ಏಳಾಂಗಿಲ್ಲ ಬಿಡ್ರಿ," ಎಂದರು ಅವರು. "ಅವ್ರೆಲ್ಲಾ ಈಗ ಬೈಲಹೊಂಗಲದ ಕ್ಲಾಸಿನ್ಯಾಗ ಕುಂತಿರತಾರ. ಬೈಲಹೊಂಗಲ, ಕಿತ್ತೂರದವ್ರೆಲ್ಲಾ ಇಲ್ಲಿ ಕುಂತೀರಿ. ಯಾರೂ ನೋಡಬಾರದಂತ ಎಲ್ಲಾರೂ ಇಲ್ಲೇ ಬರತೀರಿ."

ಆಗ ಗುಮಾಸ್ತನ ನಗು ಅರ್ಥವಾಯಿತು. ತಲೆ ಎತ್ತಿ ನೋಡಿದರೆ, ಮುಂದಿನ ಬೆಂಚಿನಲ್ಲಿ ನನ್ನ ಕಡೆ ರಸೀದಿ ಪುಸ್ತಕ ಛಾಪಿಸಿಕೊಳ್ಳುವ ಕಿರಾಣಿ ಅಂಗಡಿಯವರು. ಅವರೂ ನನ್ನನ್ನು ನೋಡಿದರು. ಇಬ್ಬರೂ ಗೋಡೆಯ ಪಟವನ್ನು ಓದತೊಡಗಿದೆವು. ಅಷ್ಟರಲ್ಲಿ ತಡವಾಗಿ ಬಂದವನೊಬ್ಬ ಬಗ್ಗಿಕೊಂಡು ಒಳಗೆ ಸೇರಿ, ಜಾಗ ಖಾಲಿ ಇದ್ದ ನನ್ನ ಬೆಂಚಿಗೆ ಬಂದು ಕೂತ. ಬೆವರು ಒರೆಸಿಕೊಂಡು ಪಕ್ಕಕ್ಕೆ ತಿರುಗಿದ. ಕಿತ್ತೂರಿನ ಹುಡುಗ. ನನ್ನ ಅಳಿಯನಾಗುವವನು.

ಅವನ ಮುಖದಲ್ಲಿ ರಕ್ತ ಇಳಿದುಹೋಯಿತು. ನನ್ನ ಮುಖ ಹೇಗಿತ್ತೋ ನಾನು ನೋಡಿಕೊಂಡಿಲ್ಲ. ಎದ್ದು ಹೋಗುವಂತಿರಲಿಲ್ಲ, ಹಾಜರಿ ಇಲ್ಲದಿದ್ದರೆ ಪ್ರಮಾಣಪತ್ರ ಇಲ್ಲ. ಆ ಮೂರು ತಾಸು ನಮ್ಮಿಬ್ಬರ ಮೊಣಕೈ ತಾಗದ ಹಾಗೆ ಕೂತಿದ್ದೆವು. ಹೆಂಡ ಹೊಟ್ಟೆಗಿಳಿದ ಮೇಲೆ ಕಣ್ಣು ಎಷ್ಟು ತಡವಾಗಿ ನೋಡುತ್ತದೆ, ಕಾಲು ಎಷ್ಟು ತಡವಾಗಿ ಬ್ರೇಕ್ ಒತ್ತುತ್ತದೆ ಎಂದು ಮಾಸ್ತರರು ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದರು. ಕೊನೆಗೆ ಒಬ್ಬೊಬ್ಬರನ್ನೇ ಎಬ್ಬಿಸಿ ಒಂದೇ ಪ್ರಶ್ನೆ ಕೇಳಿದರು: ಇವತ್ತು ನೀವು ಇಲ್ಲಿಗೆ ಬಂದದ್ದು ಮನೆಯಲ್ಲಿ ಯಾರಿಗೆ ಗೊತ್ತು? ಕಿರಾಣಿಯವರು ಯಾರಿಗೂ ಇಲ್ಲ ಎಂದರು. ನಾನೂ ಅದನ್ನೇ ಹೇಳಿದೆ. ನನ್ನ ಪಕ್ಕದವನೂ ಅದನ್ನೇ ಹೇಳಿದ. ಮಾಸ್ತರರು ಬೈಯಲಿಲ್ಲ. ಮನೆಯಲ್ಲಿ ಹೇಳುವುದೇ ಮೊದಲನೆಯ ಪಾಠ, ಉಳಿದದ್ದನ್ನು ನಾನು ಕಲಿಸಬಲ್ಲೆ, ಅದನ್ನು ಕಲಿಸಲಾರೆ ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟರು.

ಬಸ್‌ಸ್ಟ್ಯಾಂಡಿನವರೆಗೂ ಅವನು ಹತ್ತು ಹೆಜ್ಜೆ ಹಿಂದೆ ಬಂದ. ನಾನು ಚಹಾದ ಅಂಗಡಿಯ ಮುಂದೆ ನಿಂತಾಗ ಅವನೂ ನಿಂತ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅವನಿಗೆ ಬಾರಿಸಿದರೆ ಮುಂದಿನದನ್ನು ನಾನೇ ಬಾರಿಸಿಕೊಳ್ಳಬೇಕಿತ್ತು. ಕೊನೆಗೆ ಅವನೇ ಹತ್ತಿರ ಬಂದ.

"ಮಾವಾರ, ನೀವು ನನ್ನ ಇಲ್ಲಿ ನೋಡಿಲ್ಲ. ನಾ ನಿಮ್ಮನ್ನ ನೋಡಿಲ್ಲ," ಎಂದ. "ಲಗ್ನ ಆದಮ್ಯಾಲ ಬಿಡತೇನ್ರಿ. ಖರೇನ ಬಿಡತೇನಿ."

ಅವನು ಬೆದರಿಸುತ್ತಿರಲಿಲ್ಲ, ಬೇಡುತ್ತಿದ್ದ. ಅದೇ ನನ್ನನ್ನು ಕೆಡಿಸಿದ್ದು. ಲಗ್ನವಾದ ಮೇಲೆ ಬಿಡುವವನು ನಾನೂ ಆಗಿದ್ದೆ. ಮಗು ಹುಟ್ಟಿದ ಮೇಲೆ ಬಿಡುವವನಾಗಿದ್ದೆ, ಮನೆ ಕಟ್ಟಿಸಿದ ಮೇಲೆ, ಅಪ್ಪ ತೀರಿಕೊಂಡ ಮೇಲೆ. ಅವನು ಬಿಡುವುದಿಲ್ಲವೆಂದು ನನಗೆ ಗೊತ್ತಿದ್ದಷ್ಟು ಲೋಕದಲ್ಲಿ ಯಾರಿಗೂ ಗೊತ್ತಿರಲಾರದು. ಹಾಗೆ ಗೊತ್ತಿದ್ದೂ, ಆಯಿತು ಎಂದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಸವದತ್ತಿಯವರೆಗೆ ಬಂದೆವು.

ಆ ವಾರ ಮಗಳ ಲಗ್ನಪತ್ರಿಕೆಯ ಪ್ರೂಫ್ ಸಿದ್ಧವಾಗಿತ್ತು. ನಾನೇ ಜೋಡಿಸಿದ್ದೆ. ಮೇಲೆ ಕುಲದೇವರ ಪ್ರಸನ್ನ, ಕೆಳಗೆ ಅವಳ ಹೆಸರಿನ ಹಿಂದೆ ಚಿ.ಸೌ.ಕುಂ., ಅವನ ಹೆಸರಿನ ಹಿಂದೆ ಚಿ. ಬುಧವಾರ ಮಧ್ಯಾಹ್ನ ಅವಳು ಎದುರಿನ ಸ್ಟೂಲಿನ ಮೇಲೆ ಕೂತು ತನ್ನದೇ ಪತ್ರಿಕೆಯನ್ನು ಬೇರೆಯವರದ್ದೆಂಬಂತೆ ಓದಿದಳು. ಅಜ್ಜಿಯ ಹೆಸರಲ್ಲಿ ಒಂದು ಒತ್ತು ಬಿಟ್ಟಿತ್ತು, ಅದನ್ನು ತಿದ್ದಿದಳು. ಆದರೆ ಯಾವಾಗಲೂ ಎಳೆಯುವ ಕೆಂಪು ಗೆರೆಯನ್ನು ಎಳೆಯದೆ ಪೆನ್ನು ಹಿಡಿದುಕೊಂಡೇ ಕೇಳಿದಳು.

"ಅಪ್ಪಾ, ಇದು ನಂದು. ನನ್ನ ಕಣ್ಣಿಗೆ ಬೀಳಲಾರದ್ದು ಏನರ ಇದ್ರ ನೀ ನೋಡು. ಇನ್ನೇನರ ತಿದ್ದೂದು ಐತೇನು?"

ಪ್ಲೇಟ್ ಆಗುವವರೆಗೆ ಯಾವ ತಪ್ಪನ್ನಾದರೂ ತಿದ್ದಬಹುದು. ಮೂವತ್ತು ವರ್ಷ ಗಿರಾಕಿಗಳಿಗೆಲ್ಲ ನಾನು ಹೇಳಿಕೊಂಡು ಬಂದ ಮಾತಿದು. ಸಕ್ಕರೆ ಹಂಚಿಯಾಗಿದೆ, ಜನ ಆಡಿಕೊಳ್ಳುತ್ತಾರೆ ಎಂದು ಮನಸ್ಸಿಗೆ ನೂರು ಕಾರಣ ಹೇಳಿಕೊಂಡೆ. ಅವೆಲ್ಲ ನೆಪ. ಸಂಬಂಧ ಮುರಿದರೆ ಅವಳು ನೆಮ್ಮದಿಯಿಂದ ಉಸಿರು ಬಿಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಆದರೆ ಅವನನ್ನು ಎಲ್ಲಿ ನೋಡಿದೆ ಎಂದು ಅವಳು ಕೇಳುವವಳೇ. ಆ ಒಂದು ಪ್ರಶ್ನೆಗೆ ಹೆದರಿ, ಏನೂ ಇಲ್ಲ ಎಂದೆ. ಅವಳು ಗೆರೆ ಎಳೆದು ಹಾಳೆ ಕೊಟ್ಟಳು. ಅವತ್ತೇ ಪ್ಲೇಟ್ ಮಾಡಿಸಿ, ಮರುದಿನ ನನ್ನ ಕೈಯಾರೆ ಛಾಪಿಸಿದೆ. ಛಾಪು ಬಹಳ ಚೆನ್ನಾಗಿ ಬಂತು ಎಂದು ಎಲ್ಲರೂ ಹೊಗಳಿದರು.

ಎರಡನೆಯ ಶನಿವಾರ ಪ್ರಮಾಣಪತ್ರ ಕೊಟ್ಟರು. ನನ್ನದು, ಅವನದು, ಒಂದರ ಹಿಂದೆ ಒಂದು. ಅದನ್ನು ನ್ಯಾಯಾಲಯಕ್ಕೆ ತೋರಿಸಿ ಲೈಸೆನ್ಸ್ ಬಿಡಿಸಿಕೊಂಡ ಮೇಲೆ ಹರಿದುಹಾಕಬೇಕಿತ್ತು. ಛಾಪಿಸಿದ ಕಾಗದವನ್ನು ಹರಿಯುವ ರೂಢಿ ನನಗಿಲ್ಲ. ಪ್ರೆಸ್ಸಿನಲ್ಲಿ ಹಳೆಯ ಮಾದರಿ ಪತ್ರಿಕೆಗಳನ್ನಿಡುವ ಖಾನೆಯಲ್ಲಿ ತಳಕ್ಕೆ ಹಾಕಿದೆ. ಮೊಣಕಾಲು ನೋವು ವಾಸಿಯಾಯಿತು ಎಂದು ಮನೆಯಲ್ಲಿ ಹೇಳಿದಾಗ ಹೆಂಡತಿ ದೇವರಿಗೆ ಕಾಯಿ ಒಡೆಸಿದಳು.

ಮದುವೆಯಾಯಿತು. ಮೊದಮೊದಲು ಮಗಳು ದಿನಾ ಫೋನ್ ಮಾಡುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ, ಅದೂ ತಾಯಿಗೆ. ಅರಾಮ ಇದ್ದೀನಿ ಎನ್ನುತ್ತಿದ್ದಳಂತೆ. ಅದನ್ನು ಎಂಥ ದನಿಯಲ್ಲಿ ಹೇಳುತ್ತಿದ್ದಳೋ, ನಾನು ಕೇಳಲು ಹೋಗಲಿಲ್ಲ. ವರ್ಷ ತುಂಬುವ ಮೊದಲೇ ಅಳಿಯ ಕಿತ್ತೂರಿನ ಹೊರಗೆ ಗಾಡಿಯಿಂದ ಬಿದ್ದು ಭುಜದ ಎಲುಬು ಮುರಿದುಕೊಂಡ. ಕುಡಿದಿದ್ದ ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ ಎರಡು ಗಂಟೆಗೆ, ನಾನು ಊಟ ಮುಗಿಸಿ ಪ್ರೆಸ್ಸಿಗೆ ಬಂದಾಗ ಅವಳು ಒಳಗೆ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಚಾವಿ ಅವಳ ಹತ್ತಿರ ಒಂದು ಇತ್ತು. ಮಾದರಿ ಪತ್ರಿಕೆಗಳ ಖಾನೆ ತೆರೆದಿತ್ತು. ಮೇಜಿನ ಮೇಲೆ ಎರಡು ಪ್ರಮಾಣಪತ್ರಗಳನ್ನು ಪಕ್ಕಪಕ್ಕಕ್ಕೆ ಇಟ್ಟಿದ್ದಳು. ಗಂಡನ ಲೈಸೆನ್ಸ್ ಕಾಗದ ಹುಡುಕುವಾಗ ಅವನದು ಅವಳ ಕೈಗೆ ಸಿಕ್ಕಿತ್ತು. ರಾಮದುರ್ಗ ಎಂಬ ಊರು, ಆ ಎರಡು ಶನಿವಾರಗಳು, ನಾನು ತರದೇ ಬಂದ ರೋಲರ್, ಇವನ್ನೆಲ್ಲ ಜೋಡಿಸಿಕೊಳ್ಳಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

"ಎರಡೂ ಓದೀನಿ," ಎಂದಳು. "ತಪ್ಪಿಲ್ಲ."

ಎರಡು ಹಾಳೆಗಳ ಕೆಳಗೂ ಕೆಂಪು ಗೆರೆ ಇತ್ತು. ನಾನು ಏನೇನೋ ಹೇಳಿದೆ. ಇಲ್ಲೇ ಇದ್ದುಬಿಡು, ಆ ಮನೆಗೆ ಹೋಗಬೇಡ, ಪ್ರೆಸ್ ನಿನ್ನದೇ ಎಂದೆ. ಆ ಮನೆಗಿಂತ ಇಲ್ಲಿ ಬೇರೆ ಏನಿದೆ, ಯಾಕೆ ಇಲ್ಲಿರಲಿ ಎಂದು ಅವಳು ಕೇಳಿದಳು. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಎಷ್ಟೋ ಬದುಕಿಕೊಳ್ಳುತ್ತಿದ್ದೆ.

ತಾಯಿಗೆ ಮುಖ ತೋರಿಸಿ ಹೋಗುತ್ತೇನೆಂದು ಮನೆಗೆ ಬಂದಳು. ಚಹಾ ಕುಡಿದಳು, ತಾಯಿಗೆ ಇದೊಂದನ್ನೂ ಹೇಳಲಿಲ್ಲ. ಹೊರಡುವಾಗ ನಾನು ಗಾಡಿ ಹೊರಗೆ ತೆಗೆದು ಅದರ ಮೇಲೆ ಕೂತು, ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಕೂಡು ಎಂದೆ. ಅವಳು ಕಟ್ಟೆ ಇಳಿದು ನನ್ನ ಹತ್ತಿರ ಬಂದಳು, ತೀರ ಹತ್ತಿರ. ಸೆರಗು ಸರಿಮಾಡಿಕೊಂಡು, ಸ್ವಲ್ಪ ಬಗ್ಗಿ, ಮೂಗನ್ನು ನನ್ನ ತುಟಿಯ ಬಳಿ ತಂದು ಉಸಿರೆಳೆದುಕೊಂಡಳು. ನಾನು ಅಲುಗಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ನೇಸರಗಿಯಲ್ಲಿ ಸ್ವಲ್ಪವೇ ಆಗಿತ್ತು, ಯಾಲಕ್ಕಿ ಅಗಿದಿದ್ದೆ.

ಅವಳು ಹಿಂದೆ ಸರಿದು ಮನೆಯೊಳಗೆ ಮುಖ ಮಾಡಿದಳು.

"ಅವ್ವಾ, ಹೌದು."

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಮಗಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಕೊಂಡು ಹೋದಳು. ನಾಲ್ಕು ಗಂಟೆಗೆ ಕಿತ್ತೂರಿಗೆ ಒಂದು ಬಸ್ಸಿತ್ತು.